ಟ್ರಂಕಿನ ತುಂಬ ಹಳೆ ಬಟ್ಟೆ: ಕೌದಿಗೆ ಯಾವುದು ಹಾಕಲಿ, ಯಾವುದು ಬಿಡಲಿ?

ಟ್ರಂಕ್ ತೆರೆದವಳು
ಎಲ್ಲರಿಗೂ ನಮಸ್ಕಾರ. ಮಗಳು ಜುಲೈನಲ್ಲಿ ಹಾಸ್ಟೆಲ್‌ಗೆ ಹೋಗುತ್ತಾಳೆ. ಅವಳಿಗೊಂದು ಕೌದಿ (ಹಳೆ ಬಟ್ಟೆ ಕೂಡಿಸಿ ಹೊಲಿದ ಹೊದಿಕೆ) ಹೊಲಿಯೋಣ ಅಂತ ಟ್ರಂಕ್ ತೆರೆದೆ. ಈಗ ಹಾಲ್ ತುಂಬ ಬಟ್ಟೆ, ಕಾಲಿಡಲು ಜಾಗ ಇಲ್ಲ. ಇರುವುದು ಇಷ್ಟು: ಅಮ್ಮನ ಇಳಕಲ್ ಸೀರೆ ಮೂರು (ಒಂದು ಸೆರಗಿನ ಹತ್ತಿರ ಹರಿದಿದೆ), ಗುಳೇದಗುಡ್ಡದ ಖಣದ (ರವಿಕೆ ಬಟ್ಟೆ) ತುಂಡು ಎಂಟೊಂಬತ್ತು, ನಮ್ಮ ಮನೆಯವರ ಅಂಗಿ ಆರು, ಮಗಳ ಚಿಕ್ಕಂದಿನ ಫ್ರಾಕು, ನನ್ನ ಕಾಟನ್ ಚೂಡಿದಾರ್‌ಗಳು, ಪಾಲಿಯೆಸ್ಟರ್ ಸೀರೆ ನಾಲ್ಕು, ಮೈಸೂರು ಸಿಲ್ಕ್ ಒಂದು. ಅಳತೆ 5 ಅಡಿಗೆ 7 ಅಡಿ. ಎಲ್ಲ ಸೇರಿಸಬಹುದಾ? ಬಣ್ಣ ಹೇಗೆ ಹೊಂದಿಸುವುದು? ಹೊಲಿದವರು ನಿಮ್ಮ ಅನುಭವ ಹೇಳಿ.

ಧಾರವಾಡದಾಕೆ
ಇಳಕಲ್ ಅಂದ ಕೂಡಲೇ ಹೊಟ್ಟೆಯಲ್ಲಿ ಏನೋ ಆಯಿತು ನೋಡಿ. 2017ರಲ್ಲಿ ನಾನು ನಮ್ಮ ಅವ್ವನ ಚಂದ್ರಕಾಳಿ ಸೀರೆಗೆ ಕತ್ತರಿ ಹಾಕಿದೆ. ಕಪ್ಪು ಒಡಲು, ಮೈತುಂಬ ಕಸೂತಿ. ಅವ್ವ ಮದುವೆಗೆ ಮುಂಚೆ ತಾನೇ ಕೂತು ಹಾಕಿದ್ದು. ಮಡಿಕೆ ಮಡಿಕೆಗೂ ಸೀಳಿತ್ತು, ಹೇಗೂ ಉಡಲು ಬರುವುದಿಲ್ಲ ಅಂದುಕೊಂಡೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲವಲ್ಲ, ಅದು ಆಗ ನೆನಪಿಗೇ ಬರಲಿಲ್ಲ. ಕತ್ತರಿಸಿದ ಕಡೆಯಿಂದ ದಾರ ತಾನಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಕೊನೆಗೆ ಉಳಿದದ್ದು ಒಂದು ಗೋಪುರ, ರಥದ ಒಂದು ಗಾಲಿ, ಅರ್ಧ ಆನೆ. ಆ ಆನೆ ಈಗಲೂ ನಮ್ಮ ಕೌದಿಯ ಎಡ ಮೂಲೆಯಲ್ಲಿದೆ, ಸೊಂಡಿಲಿಲ್ಲ. ಅವ್ವ ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಕೌದಿಯಲ್ಲಿ ಇಳಕಲ್‌ನ ಕೆಂಪು ಸೆರಗು ಹಾಕಿದೆ. ರಾತ್ರಿಯೆಲ್ಲ ಉಪ್ಪು ನೀರಿನಲ್ಲಿ ನೆನೆಸಿದ್ದೆ. ಆದರೂ ಮೊದಲನೇ ತೊಳೆತದಲ್ಲೇ ಪಕ್ಕದ ಬಿಳಿ ಧೋತರದ ಚೌಕಗಳೆಲ್ಲ ಗುಲಾಬಿ. ಲೆಕ್ಕ ಹೇಳುತ್ತೇನೆ ಕೇಳಿ: ಅಸ್ತರಕ್ಕೆ ಮಂಜರಪಾಟು 5 ಮೀಟರ್, 450 ರೂಪಾಯಿ. ದಾರ 180. ಹೊಲಿದಾಕೆಗೆ 1,200, ಮೇಲೊಂದು ಸೀರೆ, ಹನ್ನೊಂದು ದಿನ ಮಧ್ಯಾಹ್ನದ ಊಟ. ಎಲ್ಲ ಒಂದು ಬಕೆಟ್ ನೀರಿನಲ್ಲಿ ಹೋಯಿತು. ಒಡಲು ಹತ್ತಿಯದು, ಅದು ಚಿನ್ನದಂಥ ಬಟ್ಟೆ. ಸೆರಗಿನ ಕೃತಕ ರೇಷ್ಮೆ ಒದ್ದೆಯಾದರೆ ಜೀವ ಬಿಡುತ್ತದೆ. ಎರಡೂ ಒಂದೇ ಸೀರೆ ಅಂತ ನಂಬಬೇಡಿ.

ಟೈಲರ್ ಮಗ
ಉಪ್ಪು ನೀರಿನ ಈ ಕತೆ ಇನ್ನೂ ಎಷ್ಟು ವರ್ಷ ಹೇಳುತ್ತೀರಿ ಮೇಡಂ? ಬಣ್ಣ ಅದ್ದುವಾಗ ಬಟ್ಟೆ ಚೆನ್ನಾಗಿ ಹೀರಲಿ ಅಂತ ಉಪ್ಪು ಹಾಕುತ್ತಾರೆ. ಅದ್ದಿ ಮುಗಿದ ಮೇಲೆ ಉಪ್ಪಿಗೆ ಅಲ್ಲಿ ಏನು ಕೆಲಸ? ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಬೇಕು, ಬಣ್ಣ ಹತ್ತಿದರೆ ಪಕ್ಕಕ್ಕಿಡಬೇಕು. ಅಷ್ಟೇ.

ನಮ್ಮಪ್ಪನ ಅಂಗಡಿ ದಾವಣಗೆರೆಯಲ್ಲಿತ್ತು. ಆಗ ಎಲ್ಲ ಟೆರಿಕಾಟ್ (ಪಾಲಿಯೆಸ್ಟರ್ ಬೆರೆಸಿದ ಹತ್ತಿ), ಸಫಾರಿ ಸೂಟಿನ ಕಾಲ. ಚೂರುಗಳನ್ನು ಅಪ್ಪ ಸಿಮೆಂಟ್ ಚೀಲದಲ್ಲಿ ತುಂಬಿಡುತ್ತಿದ್ದರು. ಅಮ್ಮ ಅದರ ಮಧ್ಯೆ ತಾತನ ಹಳೆ ಧೋತರ ಸೇರಿಸಿ ಒಂದು ದೊಡ್ಡ ಕೌದಿ ಮಾಡಿದರು. ನಾವು ಮೂವರು ಮಕ್ಕಳು ಒಂದೇ ಕೌದಿಯಲ್ಲಿ. ಬೇಸಿಗೆಯಲ್ಲಿ ಬೆವರು, ಚಳಿಗಾಲದಲ್ಲಿ ಮುಟ್ಟಿದರೆ ತಣ್ಣಗೆ. ಅದೂ ಹೋಗಲಿ. ಎರಡೇ ವರ್ಷಕ್ಕೆ ಧೋತರದ ತುಂಡುಗಳು ಹೊಲಿಗೆಯ ಉದ್ದಕ್ಕೂ ಹರಿದವು, ಟೆರಿಕಾಟ್‌ಗೆ ಏನೂ ಆಗಲಿಲ್ಲ. ಗಟ್ಟಿ ಬಟ್ಟೆ ಮೆತ್ತನೆಯದನ್ನು ಜಗ್ಗಿ ಜಗ್ಗಿ ಕೊಂದೇ ಹಾಕುತ್ತದೆ. ಅಮ್ಮ ತೇಪೆ ಮೇಲೆ ತೇಪೆ ಹಾಕಿದರು. ಕೊನೆಗೆ ಅದನ್ನು ಎತ್ತಲು ಇಬ್ಬರು ಬೇಕಿತ್ತು.

ಯಾವುದು ಹತ್ತಿ ಅಂತ ಗೊತ್ತಾಗದಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದದ ವಾಸನೆ, ಮೆತ್ತನೆ ಬೂದಿ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಆ ಮಣಿ ಕೈಗೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ, ನನ್ನ ಹೆಬ್ಬೆರಳು ನೋಡಿದರೆ ಗೊತ್ತಾಗುತ್ತೆ.

ಮೆಷಿನ್ ಅಮ್ಮ
ಪಾಲಿಯೆಸ್ಟರ್ ಬೈಯುವವರೆಲ್ಲ ಒಂದು ಸಲ ಮಲೆನಾಡಿಗೆ, ನಮ್ಮ ಸಾಗರಕ್ಕೆ ಬನ್ನಿ. ಜುಲೈನಲ್ಲಿ ಐದು ಪದರದ ಕಾಟನ್ ಕೌದಿ ಒಣಗಿಸಿ ತೋರಿಸಿ. ನಾನು ಒಣಗಿಸಿದ್ದೇನೆ. ಒಂಬತ್ತು ದಿನ ಒಲೆ ಮೇಲಿನ ಅಟ್ಟದಲ್ಲಿ ಹಾಕಿದರೂ ಮಧ್ಯದ ಪದರ ತೇವ. ಹತ್ತನೇ ದಿನ ವಾಸನೆ, ಹನ್ನೆರಡನೇ ದಿನ ಕಪ್ಪು ಚುಕ್ಕೆ. ಆಮೇಲೆ ಕೊಟ್ಟಿಗೆಯಲ್ಲಿ ಕರುವಿಗೆ ಹಾಸಿದೆ. ಅಷ್ಟು ಹೊಲಿದ ಕೈ ನನ್ನದು, ಮಲಗಿದ್ದು ಕರು.

ಈಗ ಮೇಲ್ಗಡೆ ಪಾಲಿಯೆಸ್ಟರ್ ಸೀರೆ, ಒಳಗೆ ಒಂದೇ ಪದರ ಹಳೆ ಬೆಡ್‌ಶೀಟ್, ಮೆಷಿನ್‌ನಲ್ಲಿ ನಾಲ್ಕು ದಿನಕ್ಕೆ ಮುಗಿಸುತ್ತೇನೆ. ಹದಿನಾಲ್ಕನೇ ನಂಬರ್ ಸೂಜಿ ಐದು ಮುರಿದವು, ಹದಿನೆಂಟು ಹಾಕಿದ ಮೇಲೆ ಸರಿ ಹೋಯಿತು. ತೊಳೆದು ಹಿಂಡಿ ಹಾಕಿದರೆ ಒಂದೂವರೆ ದಿನಕ್ಕೆ ಗರಿಗರಿ. ಮೂರು ಕೌದಿ ಮಾಡಿದ್ದೇನೆ, ಮೂರೂ ಇವೆ.

ಧಾರವಾಡದಾಕೆ
ಮೆಷಿನ್‌ನಲ್ಲಿ ಹೊಡೆದದ್ದಕ್ಕೆ ಕೌದಿ ಅನ್ನಬೇಡಿ. ಅದು ಗಾದಿ ಕವರ್ ಆಗುತ್ತದೆ. ಕೈ ಹೊಲಿಗೆ ಬಟ್ಟೆಯನ್ನು ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡುತ್ತದೆ, ಅದಕ್ಕೇ ಅದು ಮೈಗೆ ಹೊಂದುತ್ತದೆ. ನಿಮ್ಮದು ಹಲಗೆ.

ಮೆಷಿನ್ ಅಮ್ಮ
ಹಲಗೆಯೋ ಗಾದಿಯೋ, ನನ್ನದು ನಾನೇ ಹೊಲಿದದ್ದು. ಇಲ್ಲಿ ಕೈ ಹೊಲಿಗೆ ಬಗ್ಗೆ ಪಾಠ ಹೇಳುವವರು 1,200 ರೂಪಾಯಿ ಕೊಟ್ಟು ಬೇರೆಯವರ ಕೈಯಲ್ಲಿ ಹೊಲಿಸಿದ್ದಾರೆ ಅಂತ ಮೇಲೆ ಅವರೇ ಬರೆದಿದ್ದಾರೆ.

ತುಮಕೂರಿನ ಬೊಂತೆ
ನಮ್ಮ ಕಡೆ ಇದಕ್ಕೆ ಬೊಂತೆ ಅಂತೀವಿ. ಜಗಳ ಬಿಡಿ, ನನ್ನದೂ ಕೇಳಿ. ಅಪ್ಪ ಹೋದ ಮೇಲೆ ಅವರ ಬಟ್ಟೆ ಏನು ಮಾಡುವುದು ಅಂತ ಮನೆಯಲ್ಲಿ ಒಂದು ವರ್ಷ ಮಾತಾಯಿತು. ಅಣ್ಣ ಯಾರಿಗಾದರೂ ಕೊಟ್ಟುಬಿಡೋಣ ಅಂದ. ನಾನು ಬಿಡಲಿಲ್ಲ. ಏಳು ಪಂಚೆ, ನಾಲ್ಕು ಜುಬ್ಬ, ಒಂದು ಚೌಕಳಿ ಟವೆಲ್. ಪಂಚೆಯನ್ನು ಬೆಳಕಿಗೆ ಹಿಡಿದರೆ ಮೊಣಕಾಲು ಬರುವ ಜಾಗ, ಕೂರುವ ಜಾಗ ಎಲ್ಲ ಜರಡಿ. ಅಂಚಿನ ಪಕ್ಕದ ಒಂದು ಗೇಣು ಮಾತ್ರ ಗಟ್ಟಿ. ಜರಡಿಯಾದದ್ದನ್ನು ಒಳಪದರಕ್ಕೆ ಹಾಕಿದೆ, ಗಟ್ಟಿ ಇರುವುದನ್ನು ಮೇಲಕ್ಕೆ. ಕತ್ತರಿಸಲಿಲ್ಲ, ಸಣ್ಣಗೆ ಗಾಯ ಮಾಡಿ ಹರಿದೆ. ಹತ್ತಿ ಎಳೆ ಹಿಡಿದು ನೆಟ್ಟಗೆ ಹರಿಯುತ್ತೆ. ಹರಿಯುವಾಗ ಬರುವ ಆ ಸದ್ದಿಗೆ ಅಮ್ಮ ಒಳಗಿನಿಂದ ಎದ್ದು ಬಂದರು.

ಜುಬ್ಬದ ಜೇಬು ಒಂದನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅಮ್ಮ ಈಗ ಅದರಲ್ಲಿ ಕನ್ನಡಕ ಇಟ್ಟುಕೊಳ್ಳುತ್ತಾರೆ. ಎಂಟು ತಿಂಗಳು ಹಿಡಿಯಿತು. ಖರ್ಚು ದಾರಕ್ಕೆ 240, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿಗೆ 20.

ಹೆಸರು ಬೇಡ
ತೀರಿಕೊಂಡವರ ಬಟ್ಟೆ ಹೊದ್ದು ಮಲಗುವುದಾ? ನಮ್ಮಲ್ಲಿ ಅಂಥದ್ದನ್ನು ಮನೆಯಲ್ಲೇ ಇಡುವುದಿಲ್ಲ. ಹಾಸ್ಟೆಲ್‌ಗೆ ಹೋಗುವ ಹುಡುಗಿಗೆ ಬೇಕಾ ಇದು?

ತುಮಕೂರಿನ ಬೊಂತೆ
ಅಪ್ಪ ಕಟ್ಟಿದ ಮನೆಯಲ್ಲಿ ಮಲಗಬಹುದು, ಅವರ ಪಂಚೆ ಹೊದೆಯಬಾರದು. ಸರಿ. ಹೆಸರು ಹಾಕಿ ಮಾತಾಡಿ ಮೊದಲು.

ಹಳಿಯಾಳ ಕಡೆಯವಳು
ಬಣ್ಣ ಹೊಂದಿಸುವುದು ಅಂತ ಕೇಳಿದ್ದಿರಿ, ಯಾರೂ ಹೇಳಲಿಲ್ಲ. ನಾನು ಐದು ವರ್ಷ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಮುತ್ತ ಕೆಲಸಕ್ಕೆ ತಿರುಗಿದವಳು. ಅಲ್ಲಿ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ಜಗಲಿಯಲ್ಲಿ ಕೂತು ನೋಡಿದ್ದೇನೆ. ಕಾಗದ, ಪೆನ್ಸಿಲ್, ನಕ್ಷೆ ಏನೂ ಇಲ್ಲ. ಅಡಿಗೆ ಒಂದು ಸೀರೆ ಹಾಸುತ್ತಾರೆ, ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ಮಧ್ಯಕ್ಕೆ ಬರುತ್ತಾರೆ. ಕೈಗೆ ಸಿಕ್ಕ ತುಂಡು, ಪಕ್ಕದಲ್ಲಿರುವುದನ್ನು ನೋಡಿ ಬೇಕೋ ಬೇಡವೋ ಅಂತ ಒಂದು ಕ್ಷಣ, ಮುಗಿಯಿತು. ನಾಲ್ಕು ಮೂಲೆಗೂ ಮಡಚಿದ ಸಣ್ಣ ತ್ರಿಕೋನ ಕೂಡಿಸಿ ಹೂವು ಮಾಡುತ್ತಾರೆ, ಫೂಲ ಅಂತ. ಅದಿಲ್ಲದಿದ್ದರೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಅಂತ ನಗುತ್ತಾರೆ.

ಮನೆಗೆ ಬಂದು ನಾನೂ ಹಾಗೇ ಮಾಡಹೊರಟೆ. ಆದರೆ ನನ್ನ ಹತ್ತಿರ ಇದ್ದದ್ದೆಲ್ಲ ಗಾಢ ಬಣ್ಣ. ನೀಲಿ, ಮೆರೂನ್, ಬಾಟಲ್ ಗ್ರೀನ್. ಅರ್ಧ ಆಗುವಷ್ಟರಲ್ಲಿ ದೂರದಿಂದ ನೋಡಿದರೆ ಒದ್ದೆ ಗೋಣಿಚೀಲ. ತಂಗಿಯ ಮಗ ಫೋನ್‌ನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ತೋರಿಸಿದ. ಎಲ್ಲ ಒಂದೇ ಬೂದು! ಆಗ ಹದಿನೇಳು ತುಂಡು ಬಿಚ್ಚಿ ಹಳದಿ ಕಾಟನ್, ಬಿಳಿ ಅಂಗಿಯ ಬೆನ್ನು, ತಿಳಿ ಗುಲಾಬಿ ಲಂಗ ಸೇರಿಸಿದೆ. ಬಿಚ್ಚಲು ಮೂರು ಸಂಜೆ ಹೋಯಿತು. ಅಂಗಿಯ ಬೆನ್ನು ಅಂದೆ ಅಲ್ವಾ, ಗಂಡಸರ ಅಂಗಿಯಲ್ಲಿ ಸವೆಯದ ಜಾಗ ಅದೊಂದೇ.

ಕೊನೆಯ ತುಂಡಿನ ಅಡಿಗೆ ನಾಲ್ಕು ಕಾಳು ಅಕ್ಕಿ ಇಟ್ಟೆ. ಕೌದಿ ಹಸಿದಿರಬಾರದು.

ಟೈಲರ್ ಮಗ
ಅಕ್ಕಿ ಇಟ್ಟರೆ ಕೌದಿಯ ಹಸಿವು ಹೋಗುತ್ತೋ ಇಲ್ಲವೋ, ಇಲಿಯದು ಹೋಗುತ್ತೆ. ನಮ್ಮ ಮನೆಯಲ್ಲಿ ಮೂಲೆಯನ್ನೇ ತಿಂದಿತ್ತು.

ಹಳಿಯಾಳ ಕಡೆಯವಳು
ನಾಲ್ಕು ಕಾಳಿಗೆ ಇಲಿ ಬಂತು ಅಂದರೆ ಇಲಿ ಮೊದಲೇ ನಿಮ್ಮ ಮನೆಯಲ್ಲಿತ್ತು ಸಾರ್.

ಸ್ಯಾನ್ ಹೋಸೆ ಸೊಸೆ
ಟ್ರಂಕ್ ತುಂಬ ಬಟ್ಟೆ ಇರುವವರನ್ನು ಕಂಡರೆ ನನಗೆ ಸುಮ್ನೆ ಅಸೂಯೆ. ಇಲ್ಲಿಗೆ ಬರುವಾಗ ಇಪ್ಪತ್ತಾರು ಕಾಟನ್ ಸೀರೆ ಮೈಸೂರಿನ ಮನೆಯಲ್ಲಿ ಬಿಟ್ಟು ಬಂದಿದ್ದೆ, ಎರಡು ಸೂಟ್‌ಕೇಸ್‌ನಲ್ಲಿ ಹಿಡಿಯಲಿಲ್ಲ. ಮಗು ಹುಟ್ಟಿದ ಮೇಲೆ ಕೌದಿ ಹೊಲಿಯೋಣ ಅಂತ ಅತ್ತೆಗೆ ಫೋನ್ ಮಾಡಿ ಕಳಿಸಿ ಅಂದೆ. "ಅಯ್ಯೋ, ಪಾತ್ರೆಯವಳಿಗೆ ಕೊಟ್ಟೆನಲ್ಲಮ್ಮಾ, ಒಳ್ಳೆ ಸ್ಟೀಲ್ ಕೊಳಗ ಬಂತು, ನಿನ್ನ ಹೆಸರನ್ನೇ ಹಾಕಿಸಿದ್ದೀನಿ" ಅಂದರು. ಇಪ್ಪತ್ತಾರು ಸೀರೆಗೆ ಒಂದು ಕೊಳಗ, ಎರಡು ಡಬ್ಬಿ. ಕೊಳಗದ ಮೇಲೆ ನನ್ನ ಹೆಸರೂ ತಪ್ಪಾಗಿದೆ.

ಕೊನೆಗೆ ಇಲ್ಲಿನ ಅಂಗಡಿಯಲ್ಲಿ ಹೊಸ ಹತ್ತಿ ಬಟ್ಟೆ ಗಜದ ಲೆಕ್ಕದಲ್ಲಿ ತಂದೆ. ಒಂದು ಗಜಕ್ಕೆ 12 ಡಾಲರ್. ಒಂಬತ್ತು ಗಜ ತಂದೆ, ಒಂದೂವರೆ ಸೀರೆಯ ಉದ್ದ. ಚೆನ್ನಾಗಿ ಬಂತು, ಆದರೆ ಯಾವ ತುಂಡಿನ ಮೇಲೆ ಬೆರಳಿಟ್ಟರೂ ಮಗುವಿಗೆ ಹೇಳಲು ಕತೆ ಇಲ್ಲ. ಬಿಲ್ ತೋರಿಸಬೇಕು.

ಹೆಸರು ಬೇಡ
108 ಡಾಲರ್ ಕೊಟ್ಟು ಚಿಂದಿ ಮಾಡಿ ಮತ್ತೆ ಹೊಲಿಯುವುದು. ಇಲ್ಲಿ ಒಂದು ಒಳ್ಳೆ ರಗ್ಗು 900ಕ್ಕೆ ಬರುತ್ತೆ.

ಸ್ಯಾನ್ ಹೋಸೆ ಸೊಸೆ
ಬರುತ್ತೆ. ತೊಗೊಂಡು ಹೊದ್ದು ಮಲಗಿ.

ಟ್ರಂಕ್ ತೆರೆದವಳು
ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಜಗಳ ಬೇಡ. ಇವತ್ತು ಇಷ್ಟು ಮಾಡಿದೆ: ಬಿಳಿ ಟವೆಲ್ ಒದ್ದೆ ಮಾಡಿ ಮೂರೂ ಇಳಕಲ್ ಉಜ್ಜಿದೆ. ಒಡಲು ಮೂರರದ್ದೂ ಸರಿ. ಸೆರಗು ಎರಡರದ್ದು ಟವೆಲ್ ಕೆಂಪು ಮಾಡಿತು, ಅವನ್ನು ಬಿಡಿಸಿ ಎತ್ತಿಟ್ಟೆ. ಬೆಂಕಿ ಕಡ್ಡಿ ಪರೀಕ್ಷೆಯಲ್ಲಿ "ಪ್ಯೂರ್ ಕಾಟನ್" ಅಂತ 1,400 ಕೊಟ್ಟು ತಂದ ಚೂಡಿದಾರ್ ಮಣಿ ಕಟ್ಟಿತು, ಮನೆಯವರು ಬಿದ್ದು ಬಿದ್ದು ನಕ್ಕರು. ಅವರ ಅಂಗಿ ಆರರಲ್ಲಿ ಎರಡನ್ನು "ಇನ್ನೂ ಹಾಕ್ತೀನಿ" ಅಂತ ವಾಪಸ್ ತೊಗೊಂಡು ಹೋದರು. ಪಾಲಿಯೆಸ್ಟರ್ ನಾಲ್ಕೂ ಹೊರಗೆ (ಸಾಗರದ ಅಕ್ಕ ಬೇಜಾರಾಗಬೇಡಿ, ಮಗಳ ಹಾಸ್ಟೆಲ್ ಬಳ್ಳಾರಿಯಲ್ಲಿ). ಮೈಸೂರು ಸಿಲ್ಕ್ ಮಡಚಿ ಇಟ್ಟುಬಿಟ್ಟೆ, ಧೈರ್ಯ ಬರಲಿಲ್ಲ. ಫ್ರಾಕಿನ ಮೇಲೆ ಮಾವಿನಹಣ್ಣಿನ ಕಲೆ ಇದೆ, ಅದನ್ನು ತೆಗೆಯದೆ ಹಾಗೇ ಹಾಕುತ್ತೇನೆ.

ಖಣದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ?

ಧಾರವಾಡದಾಕೆ
ಖಣ ತೊಳೆಯದೆ ಹಾಕಬೇಡಿ ತಂಗಿ. ನಾನು ಹೊಸದನ್ನೇ, ಮಡಿಕೆ ಕೂಡ ಬಿಚ್ಚದ್ದನ್ನು ನಡುವೆ ಕೂರಿಸಿದ್ದೆ. ನೀರು ಬಿದ್ದ ಮೇಲೆ ಅದೊಂದೇ ಕುಗ್ಗಿ ಸುತ್ತಲಿನ ಬಟ್ಟೆಯನ್ನೆಲ್ಲ ಎಳೆದುಕೊಂಡಿತು. ಈಗ ಹಾಸಿದರೆ ಕೌದಿ ನಡುವೆ ಒಂದು ಬಟ್ಟಲು. ಬೆಕ್ಕು ಅಲ್ಲೇ ಮಲಗುತ್ತದೆ. ಬಿಸಿನೀರಿನಲ್ಲಿ ಎರಡು ಸಲ ಅದ್ದಿ, ಒಣಗಿಸಿ, ಆಮೇಲೆ ಅಳತೆ ಹಿಡಿಯಿರಿ. ಅಂಚು ಬಹಳ ಗಟ್ಟಿ, ಸೂಜಿ ಹೋಗುವುದಿಲ್ಲ. ಕತ್ತರಿಸಿ ಬೇರೆ ಇಡಿ, ಕೌದಿಯ ನಾಲ್ಕೂ ಕಡೆ ಸುತ್ತು ಪಟ್ಟಿಗೆ ಬರುತ್ತದೆ. ನನ್ನ ಹೊಲಿದಾಕೆ ಅದನ್ನು ದಬ್ಬಣದಿಂದ ತೂತು ಮಾಡಿಕೊಂಡು ಹೊಲಿದಳು, ಹತ್ತು ವರ್ಷವಾಗುತ್ತಾ ಬಂತು, ಒಂದು ಎಳೆ ಎದ್ದಿಲ್ಲ.

ಮೆಷಿನ್ ಅಮ್ಮ
ಧಾರವಾಡದ ಅಕ್ಕಾ, ಆ ಹೆಂಗಸು ಈಗಲೂ ಹೊಲಿದುಕೊಡುತ್ತಾರಾ? ನನಗಲ್ಲ. ನನ್ನ ತಂಗಿ ಕೇಳುತ್ತಿದ್ದಳು.