ಒಂದೇ ಒತ್ತಿಗೆ ಶ್ರೀ, ಕ್ಷ, ಜ್ಞ: 16 ಕೀಗಳ ಕನ್ನಡ ಕೀಪ್ಯಾಡ್ ಕಟ್ಟುವುದು ಹೇಗೆ?

ಮಂಡ್ಯ_ಡಿಟಿಪಿ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಡಿಟಿಪಿ ಅಂಗಡಿಗೆ ಒಂದು ಪುಟ್ಟ ಕೀಪ್ಯಾಡ್ ಬೇಕಾಗಿದೆ. ಲಗ್ನಪತ್ರಿಕೆ, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಹೀಗೆ ಕೆಲಸವೆಲ್ಲ ಕನ್ನಡದಲ್ಲೇ. ಮಾಮೂಲಿ ಕೀಬೋರ್ಡಿನ ಎಡಕ್ಕೆ 4×4 ಅಳತೆಯ 16 ಕೀ. ಶ್ರೀ, ಕ್ಷ, ಜ್ಞ, 'ರ‍್ಯಾಂಕ್' ಬರೆಯುವಾಗ ಕಾಡುವ ರ‍್ಯ, 'ಚಿ|| ಸೌ||', 'ತಮ್ಮ ಆಗಮನಾಭಿಲಾಷಿಗಳು', ಇವೆಲ್ಲ ಒಂದೊಂದು ಒತ್ತಿಗೆ ಬರಬೇಕು. ಹಳೆಯ ಫೈಲುಗಳು ಪೇಜ್‌ಮೇಕರ್‌ನಲ್ಲಿ ನುಡಿ ತಂತ್ರಾಂಶದ ಆಸ್ಕಿ (ಯುನಿಕೋಡಿಗೂ ಹಿಂದಿನ ಪದ್ಧತಿಯ) ಫಾಂಟ್, ಹೊಸವು ಯುನಿಕೋಡ್. ಎರಡರಲ್ಲೂ ನಡೆಯುವ ಹಾಗೆ ಮಾಡಲು ಆಗುತ್ತದೆಯೇ? ಪ್ರತಿ ಕೀಗೂ ಡಯೋಡ್ ಹಾಕಲೇಬೇಕಾ? ಸ್ವಿಚ್ ಕೂರುವ ಮೇಲಿನ ತಟ್ಟೆಯನ್ನು ಮೈಸೂರಿನಲ್ಲಿ ಕತ್ತರಿಸಿಕೊಡುತ್ತಾರಾ?

ಬೆಸುಗೆ_ಸರಸ್ವತಿಪುರಂ

ಸರ್, ಸೋಲ್ಡರಿಂಗ್ ಐರನ್ ಕಾಯಿಸುವ ಮೊದಲೇ ಒಂದು ವಿಷಯ ತೀರ್ಮಾನ ಆಗಬೇಕು. ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ. ಇಂಥ ಜಾಗದ ಕೀ ಒತ್ತಿದರು ಅನ್ನುವ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಅದನ್ನು ಅಕ್ಷರ ಮಾಡುವುದು ಕಂಪ್ಯೂಟರಿನಲ್ಲಿ ಆ ಹೊತ್ತಿಗೆ ಚಾಲೂ ಇರುವ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ. ನುಡಿ, ಇನ್‌ಸ್ಕ್ರಿಪ್ಟ್ ಎರಡೂ ಅಂಥವೇ. ಇಂಗ್ಲಿಷಿನ ಎಲ್ ಕೀ ನುಡಿಯಲ್ಲಿ ಲ, ಇನ್‌ಸ್ಕ್ರಿಪ್ಟ್‌ನಲ್ಲಿ ತ. ಒತ್ತು ಕೊಡುವ ಕೀ ನುಡಿಯಲ್ಲಿ ಎಫ್, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ.

ಹಾಗಾಗಿ ದಾರಿ ಎರಡೇ. ಮೊದಲನೆಯದು, ನೀವು ಕೈಯಲ್ಲಿ ಒತ್ತುವ ಕೀಗಳನ್ನೇ ಅದೇ ಕ್ರಮದಲ್ಲಿ ಕೀಪ್ಯಾಡ್ ಒತ್ತುವುದು. ಇನ್‌ಸ್ಕ್ರಿಪ್ಟ್‌ನಲ್ಲಿ ಕ್ಷ ಬೇಕೆಂದರೆ ಕೆ, ಡಿ, ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮ. ಎರಡನೆಯದು, ನೇರ ಯುನಿಕೋಡ್ ಸಂಖ್ಯೆ ಕಳಿಸುವುದು. ವಿಂಡೋಸ್‌ನಲ್ಲಿ ಅದಕ್ಕೆ ವಿನ್‌ಕಂಪೋಸ್ ತಂತ್ರಾಂಶ ಹಾಕಿರಬೇಕು. ಲಿನಕ್ಸ್‌ನಲ್ಲಿ ಕಂಟ್ರೋಲ್-ಶಿಫ್ಟ್-ಯು ಒತ್ತಿ ಸಂಖ್ಯೆ ಕೊಡುವ ಕ್ರಮ. ಆಗ ಲೇಔಟ್ ಇಂಗ್ಲಿಷಿನಲ್ಲೇ ಇರಬೇಕು, ಕನ್ನಡದಲ್ಲಿದ್ದರೆ ಸಂಖ್ಯೆಯೊಳಗಿನ ಎ, ಸಿ, ಡಿಗಳೂ ಕನ್ನಡ ಅಕ್ಷರವಾಗಿ ಕೆಡುತ್ತವೆ. ಪೇಜ್‌ಮೇಕರ್‌ಗೆ ಯುನಿಕೋಡೇ ಗೊತ್ತಿಲ್ಲ. ಆದ್ದರಿಂದ ನಿಮ್ಮ ಕೆಲಸಕ್ಕೆ ಮೊದಲನೆಯ ದಾರಿಯೇ ಸರಿ. ನುಡಿಯನ್ನು ಆಸ್ಕಿಯಿಂದ ಯುನಿಕೋಡಿಗೆ ಬದಲಿಸಿಕೊಂಡರೂ ಒತ್ತುವ ಕೀಗಳು ಬದಲಾಗುವುದಿಲ್ಲ. ಇನ್‌ಸ್ಕ್ರಿಪ್ಟ್ ಬಳಸುವವರೂ ಅಂಗಡಿಯಲ್ಲಿದ್ದರೆ 16ನೆಯ ಕೀಯನ್ನು ಲೇಯರ್ (ಕೀಗಳಿಗೆ ಬರೆದಿಟ್ಟ ಇನ್ನೊಂದು ಪಟ್ಟಿ) ಬದಲಿಸುವುದಕ್ಕೆ ಮೀಸಲಿಡಿ.

ಡಯೋಡ್ ವಿಷಯ. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಕೀಗಳನ್ನು ಅಡ್ಡಸಾಲು-ಕಂಬಸಾಲಾಗಿ ಜೋಡಿಸಿದಾಗ, ಡಯೋಡ್ ಇಲ್ಲದೆ ಚೌಕದ ಮೂರು ಮೂಲೆಯ ಕೀ ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. 60-70 ಕೀ ಇರುವ ಕೀಬೋರ್ಡಿಗೆ ಹಾಗಾಗಿ ಪ್ರತಿ ಕೀಗೂ ಒಂದು ಡಯೋಡ್ (1ಎನ್4148) ಬೇಕೇ ಬೇಕು. 16 ಕೀಗೆ ಬೇಡ, ಒಂದೊಂದಕ್ಕೂ ತನ್ನದೇ ಪಿನ್ ಕೊಟ್ಟರಾಯಿತು. ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ತೆಗೆದುಕೊಳ್ಳಿ. ಯುಎಸ್‌ಬಿ ಮೇಲಕ್ಕೆ ಬರುವ ಹಾಗೆ ಹಿಡಿದರೆ ಅದರ ಎಡಬದಿಯೊಂದರಲ್ಲೇ ಜಿಪಿ0 ಇಂದ ಜಿಪಿ15ರ ತನಕ ಸರಿಯಾಗಿ 16 ಪಿನ್, ನಡುನಡುವೆ 3, 8, 13, 18ನೇ ಜಾಗದಲ್ಲಿ ನಾಲ್ಕು ಗ್ರೌಂಡ್. ಪ್ರತಿ ಸ್ವಿಚ್ಚಿನ ಒಂದು ಕಾಲು ತನ್ನದೇ ಪಿನ್ನಿಗೆ; ಇನ್ನೊಂದು ಕಾಲುಗಳನ್ನೆಲ್ಲ ಒಂದೇ ವೈರಿನಲ್ಲಿ ಸರಪಳಿ ಮಾಡಿ ಯಾವುದಾದರೂ ಒಂದು ಗ್ರೌಂಡಿಗೆ. ಇಷ್ಟು ಅಚ್ಚುಕಟ್ಟಾಗಿ ಹೊಂದುವ ಬೋರ್ಡ್ ಈ ಕೆಲಸಕ್ಕೆ ಬೇರೆ ಹುಡುಕಬೇಕಾಗಿಲ್ಲ.

ತಂತ್ರಾಂಶಕ್ಕೆ ಕೆಎಂಕೆ, ಅದು ಕೀಬೋರ್ಡ್ ಕಟ್ಟುವವರಿಗಾಗಿ ಪೈಥಾನ್ ಭಾಷೆಯಲ್ಲಿ ಬರೆದದ್ದು. ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದೇ ಪಿಕೋ ಚುಚ್ಚಿ. ಪೆನ್‌ಡ್ರೈವ್ ಥರ ಒಂದು ಡ್ರೈವ್ ತೆರೆಯುತ್ತದೆ. ಅದರೊಳಕ್ಕೆ, ಇಂಥ ಬೋರ್ಡಿನಲ್ಲಿ ಪೈಥಾನ್ ಓಡಿಸುವ ಸರ್ಕ್ಯೂಟ್‌ಪೈಥಾನ್‌ನ ಯುಎಫ್2 ಫೈಲ್ ಹಾಕಿ. ಡ್ರೈವ್ ಮಾಯವಾಗಿ ಹೊಸ ಹೆಸರಿನಲ್ಲಿ ಮತ್ತೆ ಬರುತ್ತದೆ, ಅಲ್ಲಿಗೆ ಕೆಎಂಕೆ ಫೋಲ್ಡರ್ ನಕಲು ಮಾಡಿ, 'ಕೋಡ್' ಎಂಬ ಹೆಸರಿನ ಪೈಥಾನ್ ಫೈಲಿನಲ್ಲಿ ಪಿನ್ನುಗಳ ಪಟ್ಟಿ, ಕೀಗಳ ಪಟ್ಟಿ ಬರೆಯಿರಿ. ಡ್ರೈವ್ ಕಾಣಿಸದೇ ಹೋದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗಿಗಷ್ಟೇ ಆಗುವ, ಡೇಟಾ ವೈರ್ ಇಲ್ಲದ ಮೈಕ್ರೋ ಯುಎಸ್‌ಬಿ ಕೇಬಲ್‌ಗಳು ಬಹಳ. ಫೈಲ್ ಸರಿಯಿದ್ದೂ ಏನೂ ಆಗದಿದ್ದರೆ ನೋಟ್‌ಪ್ಯಾಡ್ ಅದರ ಹೆಸರಿನ ಬಾಲಕ್ಕೆ 'ಟಿಎಕ್ಸ್‌ಟಿ' ಅಂಟಿಸಿದೆಯಾ ನೋಡಿ.

ಸ್ವಿಚ್ ಬೆಸೆಯುವ ಮೊದಲೇ ಇಷ್ಟನ್ನೂ ಪರೀಕ್ಷಿಸಬಹುದು. ಜಿಪಿ0 ಮತ್ತು ಗ್ರೌಂಡಿಗೆ ಒಂದು ತುಂಡು ವೈರ್ ಮುಟ್ಟಿಸಿ. ಅಕ್ಷರ ಬಂದರೆ ಮುಂದಿನ ಕೆಲಸ ಬರೀ ಕೈಚಳಕ.

ಕುವೆಂಪುನಗರ_ನಂಪ್ಯಾಡ್

ಕಟ್ಟಲೇಬೇಕು ಅಂತ ಏನಿಲ್ಲ ಸಾರ್. ಯುಎಸ್‌ಬಿ ನಂಬರ್ ಪ್ಯಾಡ್ ಒಂದು ತಂದು ವಿಂಡೋಸ್‌ನಲ್ಲಿ ಆಟೋಹಾಟ್‌ಕೀ ಹಾಕಿದರೆ ಅದರ ಕೀಗಳಿಗೆ ಏನು ಬೇಕಾದರೂ ಕೊಡಬಹುದು, ಯುನಿಕೋಡ್ ಅಕ್ಷರವನ್ನೂ ನೇರವಾಗಿ.

ಬೆಸುಗೆ_ಸರಸ್ವತಿಪುರಂ

ಅದೂ ಒಳ್ಳೆಯ ದಾರಿಯೇ, ಆದರೆ ಎರಡು ತೊಡಕು. ಆಟೋಹಾಟ್‌ಕೀ ತಾನಾಗಿ ಎರಡು ಕೀಬೋರ್ಡಿನ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ಕೀಬೋರ್ಡಿನ ನಂಬರ್ ಭಾಗವೂ ಕನ್ನಡ ಬರೆಯಲು ಶುರುಮಾಡುತ್ತದೆ. ಬಿಲ್ ಹಾಕುವ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಜೊತೆಗೆ ಪ್ರತಿ ಕಂಪ್ಯೂಟರಿಗೂ ಆ ಸ್ಕ್ರಿಪ್ಟ್ ಹಾಕಬೇಕು. ಪಿಕೋ ಆದರೆ ಬರೆದದ್ದೆಲ್ಲ ಅದರೊಳಗೇ ಇರುತ್ತದೆ, ಅದೇ ಲೇಔಟ್ ಚಾಲೂ ಇರುವ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕೆಲಸ ಮಾಡುತ್ತದೆ.

ಬೀಟೆಮರ_ಮೈಸೂರು

ತಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ಮೈಸೂರಿನಲ್ಲಿ ನೇಮ್‌ಪ್ಲೇಟ್, ನೆನಪಿನ ಕಾಣಿಕೆ ಮಾಡುವ ಲೇಸರ್ ಅಂಗಡಿಗೆ ಕೋರೆಲ್‌ಡ್ರಾ ಫೈಲ್ ಕೊಟ್ಟರೆ ಅಕ್ರಿಲಿಕ್ ಕತ್ತರಿಸಿಕೊಡುತ್ತಾರೆ. ಎಂಎಕ್ಸ್ ಮಾದರಿ (ಮೆಕ್ಯಾನಿಕಲ್ ಕೀಬೋರ್ಡಿನ) ಸ್ವಿಚ್ಚಿಗೆ 14 ಮಿ.ಮೀ. ಚೌಕ ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 19.05 ಮಿ.ಮೀ. ನಾಲ್ಕು ಕೀಗೆ 76.2, ಸುತ್ತ ಆರಾರು ಮಿ.ಮೀ. ಅಂಚು ಬಿಟ್ಟರೆ 88.2 ಮಿ.ಮೀ. ಚೌಕ. ಲೇಸರ್ ತಾನೂ ಒಂದಿಷ್ಟು ಸುಟ್ಟು ತೂತನ್ನು ಹಿಗ್ಗಿಸುತ್ತದೆ. ಅದಕ್ಕೆ ಮೊದಲು ಚೂರು ತುಂಡಿನಲ್ಲಿ 13.8, 13.9, 14.0 ಮೂರನ್ನೂ ಕತ್ತರಿಸಿ, ಯಾವುದರಲ್ಲಿ ಸ್ವಿಚ್ ಬಿಗಿಯಾಗಿ ಕೂರುತ್ತದೋ ಆ ಅಳತೆಯಲ್ಲಿ ಪೂರ್ತಿ ಮಾಡಿಸಿ.

ದಪ್ಪದಲ್ಲೇ ಜನ ಎಡವುವುದು. ಸ್ವಿಚ್ಚಿನ ಕೊಂಡಿ ಕಚ್ಚುವುದು 1.5 ಮಿ.ಮೀ. ತಟ್ಟೆಗೆ ಮಾತ್ರ. ಅಷ್ಟು ತೆಳು ಅಕ್ರಿಲಿಕ್ ಬಾಗುತ್ತದೆ, 3 ಮಿ.ಮೀ. ಹಾಕಿದರೆ ಕೊಂಡಿ ಕಚ್ಚದೆ, ಕೀ ಮೇಲಿನ ಕ್ಯಾಪ್ ಕೀಳುವಾಗ ಸ್ವಿಚ್ಚೇ ಕಿತ್ತು ಬರುತ್ತದೆ. ಎರಡು ಪದರ ಮಾಡಿ: ಮೇಲೆ 1.5 ಮಿ.ಮೀ.ಗೆ 14ರ ತೂತು, ಅಡಿಯಲ್ಲಿ 3 ಮಿ.ಮೀ.ಗೆ 16ರ ತೂತು. ಕೊಂಡಿಗೂ ಜಾಗ, ತಟ್ಟೆಗೂ ಬಲ. ತಟ್ಟೆಯ ಕೆಳಗೆ ವೈರಿಗೂ ಪಿಕೋಗೂ ಕನಿಷ್ಠ 15 ಮಿ.ಮೀ. ಆಳ ಬಿಡಿ. ಚೌಕಟ್ಟನ್ನು ಬೀಟೆಯಲ್ಲಿ ಮಾಡಿಸಿದರೆ ಬಹಳ ಚೆಂದ, ನಮ್ಮೂರಿನ ಕುಸುರಿ ಕೆಲಸದವರ ಕೈಯಲ್ಲಿ ಅದು ಕಷ್ಟವೇ ಅಲ್ಲ. ಸ್ವಿಚ್ ಕೂರುವ ತಟ್ಟೆಯನ್ನು ಮಾತ್ರ ಮರದಲ್ಲಿ ಬೇಡ, 1.5 ಮಿ.ಮೀ. ಮರ ಎಳೆಗುಂಟ ಸೀಳುತ್ತದೆ.

ಕ್ಯಾಪ್‌ಗೆ, ಬಿಲ್ಲಿಂಗ್ ಕೌಂಟರಿನ ಕೀಬೋರ್ಡುಗಳಲ್ಲಿ ಇರುವಂಥ, ಮೇಲೆ ಪಾರದರ್ಶಕ ಮುಚ್ಚಳ ಇರುವ ಎರಡು ಭಾಗದವು ಕೇಳಿ. ಅಕ್ಷರವನ್ನು ಕಾಗದದಲ್ಲಿ ಪ್ರಿಂಟ್ ಹಾಕಿ ಒಳಗಿಟ್ಟರಾಯಿತು. ಡಿಟಿಪಿಯವರಿಗೆ ಅದಕ್ಕಿಂತ ಇನ್ನೇನು ಬೇಕು!

ಮಂಡ್ಯ_ಡಿಟಿಪಿ

ಉಪಕಾರವಾಯಿತು. ವೈರ್ ಮುಟ್ಟಿಸಿ ನೋಡಿದೆ, ಕ್ಷ ಸರಿಯಾಗಿ ಬರುತ್ತಿದೆ. ಶ್ರೀ ಮಾತ್ರ ಒಮ್ಮೊಮ್ಮೆ 'ಶರೀ' ಆಗುತ್ತಿದೆ. ವೈರಿಂಗಿಗೆ ಹಳೆಯ ಲ್ಯಾನ್ ಕೇಬಲ್ ಬಿಚ್ಚಿ ಬಳಸಬಹುದಾ?

ಬೆಸುಗೆ_ಸರಸ್ವತಿಪುರಂ

ಶರೀ ಆಗುವುದು ನಡುವಿನ ಒತ್ತಿನ ಕೀ ತಪ್ಪಿಹೋಗುವುದರಿಂದ. ಪಿಕೋ ಕಳಿಸುವ ವೇಗಕ್ಕೆ ನುಡಿ ತಾಳ ಹಾಕಲಾರದು. ಮ್ಯಾಕ್ರೋದಲ್ಲಿ (ಒಂದು ಕೀಗೆ ಬರೆದಿಟ್ಟ ಒತ್ತುವಿಕೆಗಳ ಸರಣಿ) ಪ್ರತಿ ಕೀ ಆದಮೇಲೆ 20 ಮಿಲಿಸೆಕೆಂಡ್ ವಿರಾಮ ಹಾಕಿ, ಇನ್ನೂ ತಪ್ಪಿದರೆ 30, 40ಕ್ಕೆ ಏರಿಸಿ. ಪೇಜ್‌ಮೇಕರ್ ತೆರೆದೇ ಪರೀಕ್ಷಿಸಿ, ನೋಟ್‌ಪ್ಯಾಡಿನಲ್ಲಿ ಸರಿ ಬಂದದ್ದು ಅಲ್ಲಿ ತಪ್ಪಬಹುದು. ರ‍್ಯಕ್ಕೂ ಮೊದಲು ನುಡಿಯಲ್ಲಿ ಕೈಯಿಂದಲೇ ಒತ್ತಿ, ಯಾವ ಕ್ರಮಕ್ಕೆ ಅರ್ಕಾವತ್ತು ಬಾರದೆ ಸರಿಯಾಗಿ ಬರುತ್ತದೋ ಅದನ್ನೇ ಮ್ಯಾಕ್ರೋಗೆ ಇಳಿಸಿ.

ಲ್ಯಾನ್ ಕೇಬಲ್ ಒಳ್ಳೆಯದೇ, ಒಂಟಿ ಎಳೆಯ ತಾಮ್ರವಾದರೆ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನದ ಅಲ್ಯೂಮಿನಿಯಂ. ಸೀಸ ಹಿಡಿಯುವುದಿಲ್ಲ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಸ್ವಿಚ್ಚಿನ ಕಾಲಿಗೆ 350 ಡಿಗ್ರಿಯಲ್ಲಿ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ. ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಓರೆಯಾದರೆ ಒಳಗಿನ ಸಂಪರ್ಕ ಕೆಡುತ್ತದೆ, ಆ ಸ್ವಿಚ್ ತೆಗೆದು ಬೇರೆ ಹಾಕಬೇಕಾಗುತ್ತದೆ. ವೈರಿನ ತುದಿಗೆ ಮೊದಲೇ ಸೀಸ ಹಚ್ಚಿಕೊಂಡರೆ ಆ ಹೊತ್ತು ಸಾಕು.