ಸಹಾಯ ಬೇಕು: ಗ್ಯಾರೇಜ್ ಬಾಗಿಲಿಗೆ ಯಾವ ಓಪನರ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಊರಿಂದ ಬಂದಿರೋ ಅಪ್ಪ ಅಮ್ಮ ಮಲಗೋ ರೂಮು ಸರಿಯಾಗಿ ಗ್ಯಾರೇಜ್ ಮೇಲೇ ಇದೆ. ನಾನು ನೈಟ್ ಶಿಫ್ಟ್ ಮುಗಿಸಿ ಬಂದು ಬಾಗಿಲು ತೆಗೆದರೆ ಹಳೇ ಚೈನ್ ಓಪನರ್ (ಚೈನಿಂದ ಬಾಗಿಲು ಎಳೆಯೋ ಮೋಟರ್) ಗಡಗಡ ಅನ್ನುತ್ತೆ, ಅಮ್ಮ ಎದ್ದು ಕೂತುಬಿಡ್ತಾರೆ. ಚೈನ್ ಬಿಗಿ ಮಾಡಿಸಿದೆ, ಹಿಂಜ್‌ಗೆಲ್ಲ ಲಿಥಿಯಂ ಗ್ರೀಸ್ ಹೊಡೆದೆ, ನೈಲಾನ್ ರೋಲರ್ ಕೂಡ ಹಾಕಿಸಿದೆ. ಸ್ವಲ್ಪ ಕಮ್ಮಿಯಾಯ್ತು, ಅಷ್ಟೇ.

ಹೊಸ ಓಪನರ್‌ಗೆ ಬ್ಯಾಟರಿ ಬ್ಯಾಕಪ್ (ಕರೆಂಟ್ ಹೋದ್ರೂ ಬಾಗಿಲು ತೆಗೆಯೋಕೆ) ಇಲ್ಲಿ 2019ರಿಂದ ಕಡ್ಡಾಯ, ಅದರಲ್ಲಿ ಗೊಂದಲ ಇಲ್ಲ. ಚೈನ್ ಬದಲು ಬೆಲ್ಟ್ ಇರೋ ಬೆಲ್ಟ್ ಡ್ರೈವ್ ಓಪನರ್ ಸದ್ದು ಕಮ್ಮಿ, ಆದ್ರೆ ಮೋಟರ್ ಚಾವಣಿಗೇ ನೇತಾಡುತ್ತೆ. ಬಾಗಿಲ ಪಕ್ಕದ ಗೋಡೆಗೆ ಕೂರಿಸೋ ಓಪನರ್ ದುಬಾರಿ. ಅದಕ್ಕೆ ಬೇಕಾದ ಟಾರ್ಷನ್ ಸ್ಪ್ರಿಂಗ್ ಶಾಫ್ಟ್ (ಬಾಗಿಲ ಮೇಲೆ ಅಡ್ಡಕ್ಕಿರೋ, ಸ್ಪ್ರಿಂಗ್ ಸುತ್ತಿದ ಸರಳು) ನಮ್ಮ ಬಾಗಿಲಿಗಿದೆ.

ಬಾಗಿಲು 16 ಅಡಿ ಅಗಲದ ಸ್ಟೀಲಿಂದು. ಗ್ಯಾರೇಜ್ ಮೇಲೆ ಬೆಡ್‌ರೂಮ್ ಇರೋರು ದಯವಿಟ್ಟು ಹೇಳಿ: ರಬ್ಬರ್ ಪ್ಯಾಡ್ ಕೊಟ್ಟು ಬೆಲ್ಟ್ ಡ್ರೈವ್ ಹಾಕಿಸಿದ್ರೆ ಸಾಕಾ, ಇಲ್ಲಾ ಗೋಡೆಯದ್ದೇ ಬೇಕಾ?