ವಿಸಿ++ 6ರಲ್ಲಿ ಡಬ್ಲ್ಯುಎಕ್ಸ್‌ವಿಜೆಟ್ಸ್ ಸ್ಯಾಂಪಲ್ ಕಂಪೈಲ್ ಆಗುತ್ತಿಲ್ಲ, ಸೆಟಪ್.ಎಚ್ ಸಿಗುತ್ತಿಲ್ಲ ಅನ್ನುತ್ತಿದೆ

ಆಗುಂಬೆ_ಮಳೆ:

ನಮಸ್ಕಾರ ಎಲ್ಲರಿಗೂ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಯ ಬಿಲ್ಲಿಂಗ್ ಪ್ರೋಗ್ರಾಂ ನಾನು ನೋಡಿಕೊಳ್ಳುತ್ತಿದ್ದೇನೆ. ಹಿಂದೆ ಯಾರೋ ವಿಷುಯಲ್ ಸಿ++ 6.0ರಲ್ಲಿ ಎಂಎಫ್‌ಸಿ (ವಿಂಡೋಸಿಗೆ ಮಾತ್ರ ಇರುವ ಮೈಕ್ರೋಸಾಫ್ಟಿನ ಲೈಬ್ರರಿ) ಬಳಸಿ ಬರೆದದ್ದು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದಕ್ಕೂ ಬೇರೆ ದರ, ತೂಕ, ಹಮಾಲಿ, ಕೊನೆಗೆ ಪ್ರಿಂಟ್. ಕೆಲಸವೇನೋ ಚೆನ್ನಾಗಿ ಮಾಡುತ್ತದೆ. ಆದರೆ ಮಂಡಿಯವರು ಆಫೀಸಿನ ಹೊಸ ಕಂಪ್ಯೂಟರಿಗೆ ಉಬುಂಟು ಹಾಕಿಸಿದ್ದಾರೆ, ತೂಕದ ಯಂತ್ರದ ಪಕ್ಕದ ಹಳೇ ಎಕ್ಸ್‌ಪಿ ಮಷಿನ್ನನ್ನೂ ಬಿಡುವುದಿಲ್ಲ ಅನ್ನುತ್ತಾರೆ. ಎರಡರಲ್ಲೂ ಒಂದೇ ಕೋಡ್ ಓಡಬೇಕು. ಅದಕ್ಕೇ ಡಬ್ಲ್ಯುಎಕ್ಸ್‌ವಿಜೆಟ್ಸ್ ಕಲಿಯೋಣ ಅಂತ 2.8.12 ಇಳಿಸಿಕೊಂಡೆ; ಒಂದೇ ಸಿ++ ಕೋಡಿನಿಂದ ವಿಂಡೋಸಿಗೂ ಲಿನಕ್ಸಿಗೂ ಪ್ರೋಗ್ರಾಂ ಮಾಡಬಹುದಾದ ಲೈಬ್ರರಿ ಅದು.

ಸ್ಯಾಂಪಲ್ಸ್ ಫೋಲ್ಡರಿನಿಂದ ಮಿನಿಮಲ್ ಅನ್ನೋದನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಂಡು, ಮಿನಿಮಲ್.ಡಿಎಸ್‌ಪಿ ಅನ್ನೋ ಪ್ರಾಜೆಕ್ಟ್ ಫೈಲ್ ತೆರೆದು ಬಿಲ್ಡ್ ಮಾಡಲು ಎಫ್7 ಒತ್ತಿದರೆ ಸಿ1083 ಎರರ್, ಡಬ್ಲ್ಯುಎಕ್ಸ್‌ಪ್ರೆಕ್.ಎಚ್ ಸಿಗಲಿಲ್ಲ ಅಂತ. ಟೂಲ್ಸ್, ಆಪ್ಷನ್ಸ್, ಡೈರೆಕ್ಟರೀಸ್‌ಗೆ ಹೋಗಿ ಇನ್‌ಕ್ಲೂಡ್ ಫೋಲ್ಡರ್ ಸೇರಿಸಿದೆ. ಆ ಎರರ್ ಹೋಯಿತು, ಈಗ ಸೆಟಪ್.ಎಚ್ ಇಲ್ಲ ಅನ್ನುತ್ತಿದೆ. ಹುಡುಕಿದರೆ ಸೆಟಪ್0.ಎಚ್ ಅಂತ ಒಂದು ಸಿಕ್ಕಿತು. ಅದಕ್ಕೇ ಹೆಸರು ಬದಲಿಸಿ ಹಾಕಬಹುದಾ? ಇನ್ನೊಂದು, ಬಿಲ್ಲಿನಲ್ಲಿ ರೈತರ ಹೆಸರು ಕನ್ನಡದಲ್ಲೇ ಬರಬೇಕು. ಅದು ಆಗುತ್ತದೆ ಅಲ್ವಾ?

ಜೋಗದ_ದಾರಿ:

ಹೆಸರು ಬದಲಿಸಿ ಹಾಕಬೇಡಿ ಮಾರಾಯ್ರೆ. ಕಂಪೈಲ್ ಮುಂದೆ ಹೋದರೂ ಲಿಂಕ್ ಮಾಡುವಾಗ, ಅಂದ್ರೆ ನಿಮ್ಮ ಕೋಡನ್ನು ಲೈಬ್ರರಿ ಜೊತೆ ಜೋಡಿಸುವಾಗ, ನಿಲ್ಲುತ್ತದೆ, ಯಾಕಂದ್ರೆ ಲೈಬ್ರರಿಯೇ ಇನ್ನೂ ತಯಾರಾಗಿಲ್ಲ.

ಯಾವ ಫೈಲ್ ಸಿಗಲಿಲ್ಲ ಅನ್ನೋದನ್ನು ಸ್ವಲ್ಪ ಗಮನಿಸಿ, ಅದೇ ಕಾರಣ ಹೇಳುತ್ತದೆ. ಡಬ್ಲ್ಯುಎಕ್ಸ್‌ಪ್ರೆಕ್.ಎಚ್ ಇರೋದು ಇನ್‌ಕ್ಲೂಡ್ ಫೋಲ್ಡರಿನಲ್ಲಿ. ಅದು ಸಿಗಲಿಲ್ಲ ಅಂದ್ರೆ ದಾರಿ ತಪ್ಪಿದೆ ಅಂತ. ಸ್ಯಾಂಪಲ್ಲಿನ ಪ್ರಾಜೆಕ್ಟ್ ಫೈಲುಗಳಲ್ಲಿ ದಾರಿ ಬರೆದಿರೋದು 'ಎರಡು ಫೋಲ್ಡರ್ ಮೇಲೆ ಹೋಗಿ ಇನ್‌ಕ್ಲೂಡ್ ನೋಡು' ಅನ್ನೋ ರೀತಿ. ಡೆಸ್ಕ್‌ಟಾಪಿನಿಂದ ಎರಡು ಮೇಲೆ ಹೋದರೆ ಅಲ್ಲಿ ಏನಿರುತ್ತದೆ? ಸ್ಯಾಂಪಲ್ಲನ್ನು ಅದು ಇದ್ದ ಜಾಗದಲ್ಲೇ ತೆರೆಯಿರಿ.

ಸೆಟಪ್.ಎಚ್ ಕಥೆ ಬೇರೆ. ಸೆಟಪ್0.ಎಚ್ ಬರೀ ಮೂಲ ಪ್ರತಿ. ಲೈಬ್ರರಿ ಬಿಲ್ಡ್ ಆಗುವಾಗ ಸೆಟಪ್.ಎಚ್ ತಯಾರಾಗಿ, ಲಿಬ್ ಒಳಗಿನ ವಿಸಿ_ಲಿಬ್ ಫೋಲ್ಡರಿನಲ್ಲಿ ಆಯಾ ಕಾನ್ಫಿಗರೇಷನ್ನಿನ (ಡಿಬಗ್, ರಿಲೀಸ್ ಥರದ ಬಿಲ್ಡ್ ಬಗೆ) ಹೆಸರಿನ ಫೋಲ್ಡರಿಗೆ ಹೋಗಿ ಕೂರುತ್ತದೆ. ಅಂದ್ರೆ ಸೆಟಪ್.ಎಚ್ ಇಲ್ಲ ಅನ್ನೋ ಎರರಿನ ಅರ್ಥ, ಆ ಕಾನ್ಫಿಗರೇಷನ್ನಿನ ಲೈಬ್ರರಿಯನ್ನು ನೀವು ಇನ್ನೂ ಬಿಲ್ಡ್ ಮಾಡಿಲ್ಲ ಅಂತ.

ಹೀಗೆ ಮಾಡಿ. ಝಿಪ್ಪನ್ನು ಸಿ ಡ್ರೈವಿನ ಬೇರಿನಲ್ಲೇ ಬಿಚ್ಚಿ, ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡ. ಬಿಲ್ಡ್ ಒಳಗಿನ ಎಂಎಸ್‌ಡಬ್ಲ್ಯು ಫೋಲ್ಡರಿನಲ್ಲಿ ಡಬ್ಲ್ಯುಎಕ್ಸ್.ಡಿಎಸ್‌ಡಬ್ಲ್ಯು ಇದೆ, ಅದನ್ನು ತೆರೆಯಿರಿ. ಬಿಲ್ಡ್ ಮೆನುವಿನಲ್ಲಿ ಬ್ಯಾಚ್ ಬಿಲ್ಡ್. ಅಲ್ಲಿ ಎಲ್ಲದಕ್ಕೂ ಟಿಕ್ ಬಿದ್ದಿರುತ್ತದೆ, ತೆಗೆದುಬಿಡಿ. ಯೂನಿಕೋಡ್ ಡಿಬಗ್ (ತಪ್ಪು ಹುಡುಕಲು) ಮತ್ತು ಯೂನಿಕೋಡ್ ರಿಲೀಸ್ (ಮಂಡಿಗೆ ಕೊಡಲು) ಎರಡೇ ಸಾಕು, ಉಳಿದದ್ದೆಲ್ಲ ಸುಮ್ನೆ ಡಿಸ್ಕ್ ತಿನ್ನುತ್ತದೆ. ಅದಕ್ಕೂ ಮೊದಲು ವಿಸಿ 6ಕ್ಕೆ ಸರ್ವಿಸ್ ಪ್ಯಾಕ್ 6 ಹಾಕಿದೆಯೋ ನೋಡಿ. ಅದು ಬಂದದ್ದು 2004ರಲ್ಲಿ, 1998ರ ಮೂಲ ಸಿಡಿಯಲ್ಲಿ ಇರುವುದಿಲ್ಲ.

ಹಳೇ ಮಷಿನ್ನಿನಲ್ಲಿ ಇದು ಸುಮಾರು ಹೊತ್ತು ಹಿಡಿಯುತ್ತದೆ. ನಮ್ಮ ಕಡೆ ಈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಯುಪಿಎಸ್ ಇದ್ದರೆ ಅದರಲ್ಲೇ ಮಾಡಿ. ಮಧ್ಯದಲ್ಲಿ ನಿಂತುಹೋದರೆ ಅರ್ಧ ಬರೆದ ಫೈಲುಗಳು ಉಳಿದು, ಆಮೇಲೆ ಅರ್ಥವಾಗದ ಎರರುಗಳು ಬರುತ್ತವೆ. ಆಗ ಕ್ಲೀನ್ ಮಾಡಿ ಮೊದಲಿಂದ ಶುರು ಮಾಡುವುದೇ ಒಳ್ಳೆಯದು.

ಕುಪ್ಪಳಿ_ಸಿಪ್ಲಸ್:

ಮೇಲಿನವರು ಹೇಳಿದ್ದು ಸರಿ. ಅದಾದ ಮೇಲೆ ಎಲ್ಲರೂ ಸಿಕ್ಕಿಕೊಳ್ಳುವ ಜಾಗ ಒಂದಿದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಲೈಬ್ರರಿ ಯಾವ ಕಾನ್ಫಿಗರೇಷನ್ನೋ ಸ್ಯಾಂಪಲ್ಲೂ ಅದೇ ಆಗಿರಬೇಕು. ಮಿನಿಮಲ್ ತೆರೆದ ಕೂಡಲೇ ಬಿಲ್ಡ್ ಮೆನುವಿನಲ್ಲಿ ಸೆಟ್ ಆಕ್ಟಿವ್ ಕಾನ್ಫಿಗರೇಷನ್‌ಗೆ ಹೋಗಿ ಯೂನಿಕೋಡ್ ಡಿಬಗ್ ಆರಿಸಿ. ಲೈಬ್ರರಿಯ ಫೈಲ್ ಹೆಸರಲ್ಲೇ ಎಲ್ಲ ಬರೆದಿದೆ: 28 ಅಂದ್ರೆ ಆವೃತ್ತಿ, ಅದರ ಪಕ್ಕ ಯು ಇದ್ದರೆ ಯೂನಿಕೋಡ್, ಡಿ ಇದ್ದರೆ ಡಿಬಗ್. ಲಿಂಕರ್ ಯಾವುದೋ ಲಿಬ್ ಫೈಲ್ ಸಿಗಲಿಲ್ಲ ಅಂದರೆ ಆ ಹೆಸರನ್ನು ಓದಿ, ಲಿಬ್ ಫೋಲ್ಡರಿನಲ್ಲಿ ಇರೋದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ.

ಮುಂದೆ ಸ್ವಂತ ಪ್ರಾಜೆಕ್ಟ್ ಮಾಡುವಾಗ ರನ್‌ಟೈಂ (ಪ್ರೋಗ್ರಾಂ ಓಡಲು ಬೇಕಾದ ಸಿ++ನ ಮೂಲ ಲೈಬ್ರರಿ) ಕೂಡ ನೋಡಬೇಕು. ಡಬ್ಲ್ಯುಎಕ್ಸ್‌ನ ಪ್ರಾಜೆಕ್ಟುಗಳು ಮಲ್ಟಿಥ್ರೆಡೆಡ್ ಡಿಎಲ್‌ಎಲ್ ಬಳಸುತ್ತವೆ. ನಿಮ್ಮದು ಸಿಂಗಲ್ ಥ್ರೆಡೆಡ್ ಅಂತ ಇದ್ದರೆ ಒಂದೇ ಹೆಸರು ಎರಡು ಕಡೆ ಇದೆ ಅನ್ನೋ ಎಲ್‌ಎನ್‌ಕೆ2005 ಎರರ್ ಸಾಲುಸಾಲಾಗಿ ಬರುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸಿನ ಸಿ/ಸಿ++ ಟ್ಯಾಬಿನಲ್ಲಿ ಕೋಡ್ ಜನರೇಷನ್ ಅಂತ ಆರಿಸಿದರೆ ಅಲ್ಲಿ ಬದಲಿಸಬಹುದು.

ಮಂಡಿಯ ಬಿಲ್ಲಿಗೆ ಗ್ರಿಡ್ (ಸಾಲು, ಕಾಲಂಗಳ ಕೋಷ್ಟಕ) ಬೇಕೇ ಬೇಕಾಗುತ್ತದೆ. ಮಿನಿಮಲ್ ಆದ ಮೇಲೆ ನೇರ ಗ್ರಿಡ್ ಸ್ಯಾಂಪಲ್, ಆಮೇಲೆ ಪ್ರಿಂಟಿಂಗ್ ಸ್ಯಾಂಪಲ್ ನೋಡಿ. 2.8ರಲ್ಲಿ ಗ್ರಿಡ್ ಇರೋದು ಕೋರ್ ಲೈಬ್ರರಿಯಲ್ಲಿ ಅಲ್ಲ, ಅಡ್ವ್ ಅನ್ನೋ ಇನ್ನೊಂದರಲ್ಲಿ. ಮಿನಿಮಲ್ಲಿನ ಸೆಟ್ಟಿಂಗ್ ಹಾಗೇ ಎತ್ತಿಕೊಂಡು ಅದರಲ್ಲಿ ಗ್ರಿಡ್ ಬರೆದರೆ ಕಂಪೈಲ್ ಆಗುತ್ತದೆ, ಲಿಂಕಿನಲ್ಲಿ ಬೇಕಾದದ್ದು ಸಿಗಲಿಲ್ಲ ಅನ್ನೋ ಎಲ್‌ಎನ್‌ಕೆ2001 ಎರರ್ ಬರುತ್ತದೆ. ಲಿಂಕ್ ಪಟ್ಟಿಗೆ ಅಡ್ವ್ ಸೇರಿಸಿದರೆ ಆಯಿತು.

ಭದ್ರಾ_ಬಿಟ್ಸ್:

ಕನ್ನಡದ ವಿಷಯ ಯಾರೂ ಹೇಳಲಿಲ್ಲ. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ, ರೈತರು ತಮ್ಮ ಬಿಲ್ಲನ್ನು ತಾವೇ ಓದಿಕೊಳ್ಳುವಂತಿರಬೇಕು.

ಯೂನಿಕೋಡ್ ಕಾನ್ಫಿಗರೇಷನ್ನೇ ಬೇಕು ಅಂತ ಮೇಲೆ ಹೇಳಿದರಲ್ಲ, ಕಾರಣ ಇದು. 2.8ರಲ್ಲಿ ಆನ್ಸಿ (ಕೋಡ್ ಪೇಜ್ ಅನ್ನೋ ಹಳೇ ಅಕ್ಷರ ಪಟ್ಟಿ ಬಳಸುವುದು) ಮತ್ತು ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಪಟ್ಟಿ) ಎರಡು ಬೇರೆ ಬೇರೆ ಬಿಲ್ಡ್. ವಿಂಡೋಸಿನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ ಅನ್ನೋದೇ ಇಲ್ಲ, ಕನ್ನಡ ಯೂನಿಕೋಡಿನಲ್ಲಿ ಮಾತ್ರ. ಆನ್ಸಿ ಬಿಲ್ಡಿನಲ್ಲಿ ಯಾವ ಫಾಂಟ್ ಹಾಕಿದರೂ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಸಾಲಾಗಿ ನಿಲ್ಲುತ್ತದೆ.

ವಿಸಿ 6ರ ಎಡಿಟರಿನಲ್ಲಿ ಕನ್ನಡ ನೇರವಾಗಿ ಟೈಪ್ ಮಾಡಲು ಹೋಗಬೇಡಿ, ಯೂನಿಕೋಡ್ ಪಠ್ಯ ಉಳಿಸುವ ಯುಟಿಎಫ್-8 ರೂಪ ಅದಕ್ಕೆ ಗೊತ್ತಿಲ್ಲ. ಒಂದೆರಡು ಪದ ಸಾಕಾದರೆ ಅಕ್ಷರಗಳ ಯೂನಿಕೋಡ್ ಸಂಖ್ಯೆ ಬರೆಯಬಹುದು, 'ಅಡಿಕೆ'ಗೆ 0ಸಿ85, 0ಸಿಎ1, 0ಸಿಬಿಎಫ್, 0ಸಿ95, 0ಸಿಸಿ6. ಜಾಸ್ತಿ ಇದ್ದರೆ ಮೆನು, ಲೇಬಲ್ಲುಗಳನ್ನು ಅನುವಾದದ ಫೈಲಿಗೆ ಹಾಕಿ, ಇಂಟರ್‌ನ್ಯಾಟ್ ಅನ್ನೋ ಸ್ಯಾಂಪಲ್ ಅದನ್ನೇ ತೋರಿಸುತ್ತದೆ. ರೈತರ ಹೆಸರನ್ನು ಯುಟಿಎಫ್-8 ಫೈಲಿನಲ್ಲಿಟ್ಟು ಫ್ರಂಯುಟಿಎಫ್8 ಫಂಕ್ಷನ್ನಿಂದ ಓದಿ.

ಎಕ್ಸ್‌ಪಿಯಲ್ಲಿ ಇನ್ನೊಂದು ಕೆಲಸ. ಕಂಟ್ರೋಲ್ ಪ್ಯಾನೆಲ್, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಲ್ಯಾಂಗ್ವೇಜಸ್ ಟ್ಯಾಬಿಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಬೆಂಬಲ ಅನ್ನೋದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟ್ ಎಕ್ಸ್‌ಪಿ ಜೊತೆಗೇ ಬಂದಿದೆ, ಹೆಸರು ತುಂಗಾ. ತೀರ್ಥಹಳ್ಳಿಯವರಿಗೆ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ.

ಬಿಳಿಗುಡ್ಡ:

ಇನ್ನೂ ಯಾಕೆ ವಿಸಿ 6? ಕೋಡ್‌ಬ್ಲಾಕ್ಸ್ ಎಡಿಟರ್ ಮತ್ತು ಮಿಂಗ್‌ಡಬ್ಲ್ಯು ಕಂಪೈಲರ್ ಹಾಕಿಕೊಳ್ಳಿ. ಕೋಡ್‌ಬ್ಲಾಕ್ಸನ್ನೇ ಡಬ್ಲ್ಯುಎಕ್ಸ್‌ನಲ್ಲಿ ಬರೆದಿದ್ದಾರೆ, ಅದು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಒಂದೇ ಥರ ಇರುತ್ತದೆ. ಹೊಸ ಡಬ್ಲ್ಯುಎಕ್ಸ್ 3.2 ವಿಸಿ 6ರಲ್ಲಿ ಆಗುವುದೂ ಇಲ್ಲ.

ಕುಪ್ಪಳಿ_ಸಿಪ್ಲಸ್:

ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇವರ ಕೈಯಲ್ಲಿ ಓಡುತ್ತಿರುವ ಎಂಎಫ್‌ಸಿ ಪ್ರೋಗ್ರಾಂ ಇದೆ. ಸುಗ್ಗಿಯಲ್ಲಿ ಮಂಡಿ ಒಂದು ದಿನವೂ ನಿಲ್ಲುವಂತಿಲ್ಲ, ಹಳೆಯದನ್ನು ತಿದ್ದಲು ವಿಸಿ 6 ಹೇಗೂ ಇಟ್ಟುಕೊಳ್ಳಲೇಬೇಕು. ಇನ್ನೊಂದು ಅನುಕೂಲವೂ ಇದೆ. ವಿಸಿ 6ರ ರಿಲೀಸ್ ಬಿಲ್ಡಿಗೆ ಬೇಕಾದ ರನ್‌ಟೈಂ ಡಿಎಲ್‌ಎಲ್ ಎಕ್ಸ್‌ಪಿಯಲ್ಲೇ ಇರುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡದೆ ಒಂದು ಇಎಕ್ಸ್‌ಇ ಕಾಪಿ ಮಾಡಿದರೆ ಸಾಕು. ಡಿಬಗ್ ಬಿಲ್ಡ್ ಮಾತ್ರ ಮಂಡಿಗೆ ಒಯ್ಯಬೇಡಿ, ಅದರ ಡಿಎಲ್‌ಎಲ್ ಅಲ್ಲಿ ಇರುವುದಿಲ್ಲ. ಮಿಂಗ್‌ಡಬ್ಲ್ಯುಗೆ ಹೋದರೆ ಲೈಬ್ರರಿಯನ್ನು ಅದರಲ್ಲೇ ಮತ್ತೆ ಬಿಲ್ಡ್ ಮಾಡಬೇಕು, ವಿಸಿಯಲ್ಲಿ ಮಾಡಿದ ಲಿಬ್ ಅಲ್ಲಿ ನಡೆಯುವುದಿಲ್ಲ.

ಆಗುಂಬೆ_ಮಳೆ:

ಎಲ್ಲರಿಗೂ ಧನ್ಯವಾದ. ಲೈಬ್ರರಿ ಬಿಲ್ಡ್ ಆಯಿತು. ಮಿನಿಮಲ್ಲನ್ನು ಅದರ ಜಾಗದಲ್ಲೇ ತೆರೆದು ಯೂನಿಕೋಡ್ ಡಿಬಗ್ ಆರಿಸಿದ ಮೇಲೆ ಒಂದೇ ಸಲಕ್ಕೆ ಕಂಪೈಲ್ ಆಗಿ ಕಿಟಕಿ ತೆರೆಯಿತು. ಗ್ರಿಡ್ ಸ್ಯಾಂಪಲ್ಲಿನ ಒಂದು ಕಾಲಂ ತಲೆಗೆ 'ಅಡಿಕೆ' ಹಾಕಿ ನೋಡಿದೆ, ತುಂಗಾ ಫಾಂಟಿನಲ್ಲಿ ಸರಿಯಾಗಿ ಬಂತು. ಕೊನೇ ಪ್ರಶ್ನೆ: 2.8ಕ್ಕೆ ಬರೆದದ್ದು ಉಬುಂಟುವಿನಲ್ಲಿ ಹಾಗೇ ಹೋಗುತ್ತದಾ?

ಜೋಗದ_ದಾರಿ:

ಮುಕ್ಕಾಲು ಪಾಲು ಹೋಗುತ್ತದೆ. ಉಬುಂಟು 24.04ರಲ್ಲಿ ಸಿಗೋದು 3.2, ಹಳೇ ಕೆಲವು ಫಂಕ್ಷನ್ ಅದರಲ್ಲಿ ಇಲ್ಲ, ಕಂಪೈಲರ್ರೇ ತೋರಿಸುತ್ತದೆ. ಅಲ್ಲಿ ಲೈಬ್ರರಿ ಬಿಲ್ಡ್ ಮಾಡುವ ಕೆಲಸವೂ ಇಲ್ಲ. ಅದರ ಡೆವ್ (ಡೆವಲಪರುಗಳ) ಪ್ಯಾಕೇಜ್ ಹಾಕಿಕೊಂಡು, ಡಬ್ಲ್ಯುಎಕ್ಸ್-ಕಾನ್ಫಿಗ್ ಕಮಾಂಡ್ ಕೊಡುವ ಫ್ಲಾಗುಗಳನ್ನು ಜಿ++ ಕಂಪೈಲರಿಗೆ ಕೊಟ್ಟರೆ ಆಯಿತು. ಸ್ಟ್ರಿಂಗುಗಳನ್ನೆಲ್ಲ ಈಗಿಂದಲೇ ಡಬ್ಲ್ಯುಎಕ್ಸ್‌ಟಿ ಮ್ಯಾಕ್ರೋ ಒಳಗೆ ಬರೆಯಿರಿ, ಯೂನಿಕೋಡ್ 2.8ಕ್ಕೆ ಅದು ಬೇಕು, 3.2ರಲ್ಲೂ ಅದರಿಂದ ಏನೂ ತೊಂದರೆ ಇಲ್ಲ. ವಾರಕ್ಕೊಮ್ಮೆಯಾದರೂ ಎರಡೂ ಕಡೆ ಕಂಪೈಲ್ ಮಾಡಿ ನೋಡುತ್ತಿರಿ. ಎಲ್ಲ ಬರೆದು ಮುಗಿಸಿ ಕೊನೆಗೆ ಉಬುಂಟುವಿಗೆ ಒಯ್ದರೆ ಎರರುಗಳೆಲ್ಲ ಒಟ್ಟಿಗೇ ಬಂದು ಕೂರುತ್ತವೆ.